ಕಿಮೊ ಮುಗಿದ ಮೇಲೊಂದು ಪ್ರವಾಸ

ಕೆಂಪೇಗೌಡ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿದ್ದ ಅಧಿಕಾರಿ ಪಾಸ್‌ಪೋರ್ಟಿನ ಫೋಟೊ ನೋಡಿದರು, ಎದುರಿಗಿದ್ದ ಹುಡುಗಿಯನ್ನು ನೋಡಿದರು, ಮತ್ತೆ ಫೋಟೊ ನೋಡಿದರು. ಫೋಟೊದಲ್ಲಿದ್ದ ಮಗುವಿಗೆ ತಲೆಗೂದಲಿಲ್ಲ, ಹುಬ್ಬೂ ಇಲ್ಲ. ಸ್ಟಿರಾಯ್ಡ್‌ನಿಂದ ಕೆನ್ನೆ ಊದಿಕೊಂಡಿವೆ. ಎದುರಿಗೆ ನಿಂತವಳಿಗೆ ಎರಡು ಪುಟ್ಟ ಜಡೆ. ನನ್ನ ತಮ್ಮನ ಹೆಂಡತಿ ಏನೂ ಮಾತಾಡದೆ ಕೈಚೀಲದಿಂದ ಆಸ್ಪತ್ರೆಯ ಫೈಲು ತೆಗೆದು ಮುಂದಿಟ್ಟಳಂತೆ. ಅಧಿಕಾರಿ ಅದನ್ನು ಬಿಡಿಸಲೂ ಇಲ್ಲ. ಮುದ್ರೆ ಒತ್ತಿ, ‘ಹೋಗ್ಬಿಟ್ಟು ಬಾ ಪುಟ್ಟಿ’ ಎಂದರು.

ಆ ಪಾಸ್‌ಪೋರ್ಟ್ ಮಾಡಿಸಿದ್ದು ಕಿಮೊಥೆರಪಿಯ ನಟ್ಟನಡುವೆ. ರಕ್ತದ ಕ್ಯಾನ್ಸರ್‌ಗಳಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವ ಅಕ್ಯೂಟ್ ಲಿಂಫೊಬ್ಲಾಸ್ಟಿಕ್ ಲುಕೇಮಿಯಾಗೆ ಎರಡರಿಂದ ಎರಡೂವರೆ ವರ್ಷ ಚಿಕಿತ್ಸೆ ಬೇಕು. ಬೆನ್ನುಹುರಿಯ ಇಂಜೆಕ್ಷನ್‌ಗೆ ಹೆದರಿ ಅಳುತ್ತಿದ್ದ ಆರು ವರ್ಷದ ಮಗಳಿಗೆ ‘ಎಲ್ಲಾ ಮುಗಿದ ಮೇಲೆ ವಿಮಾನದಲ್ಲಿ ಹೋಗೋಣ’ ಎಂದು ಅಮ್ಮ ಮಾತು ಕೊಟ್ಟಿದ್ದಳು. ಮಾತಿಗೆ ಸಾಕ್ಷಿಯಾಗಿ ಪಾಸ್‌ಪೋರ್ಟ್ ಬಂತು. ಸಿಂಗಪುರದ ಐದು ದಿನದ ಪ್ರವಾಸ ಕೈಗೂಡಿದ್ದು ಚಿಕಿತ್ಸೆ ಮುಗಿದ ಎಂಟು ತಿಂಗಳ ಮೇಲೆ, ಔಷಧಿ ಹಾಕಲು ಎದೆಯಲ್ಲಿ ಕೂರಿಸಿದ್ದ ಪೋರ್ಟ್ ತೆಗೆಸಿ, ಲಸಿಕೆಗಳನ್ನೆಲ್ಲ ಮರಳಿ ಹಾಕಿಸಿ ಆದ ಮೇಲೆ.

‘ಇಷ್ಟು ಖರ್ಚಾದ ಮೇಲೆ ಫಾರಿನ್ ಟೂರ್ ಬೇರೆ ಬೇಕಿತ್ತಾ?’ ಎಂದು ಬಳಗದಲ್ಲಿ ಕೇಳಿದವರಿದ್ದಾರೆ. ಈ ಪ್ರಶ್ನೆಯ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಕೊನೆಯ ಮಾತ್ರೆ ನುಂಗಿದ ದಿನವೇ ಮನೆಗೆ ಹಿಡಿದ ಕಾಯಿಲೆಯೂ ಬಿಡುತ್ತದೆ ಎಂಬ ನಂಬಿಕೆ ಅದು. ಹಾಗೆ ಆಗುವುದಿಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಮನೆಯವರನ್ನು ಎತ್ತಿ ಹಿಡಿದಿರುವುದು ವೇಳಾಪಟ್ಟಿ: ಇಂದು ಡೇ ಕೇರ್, ನಾಳೆ ರಕ್ತಪರೀಕ್ಷೆ, ಸಂಜೆ ‘ಕೌಂಟ್ ಎಷ್ಟಿದೆ’ ಎಂಬ ಫೋನು. ಅದು ನಿಂತ ದಿನ ಕಾಲ ಕೆಳಗಿನ ನೆಲವೇ ಕುಸಿಯುತ್ತದೆ. ಜ್ವರ 100.4 ದಾಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು ಎಂದು ಕಲಿತ ತಾಯಿ, ಡಾಕ್ಟರು ‘ಇನ್ನು ಸಾಮಾನ್ಯ ಮಕ್ಕಳ ಹಾಗೇ ನೋಡಿಕೊಳ್ಳಿ’ ಎಂದ ಮೇಲೂ ಥರ್ಮಾಮೀಟರನ್ನು ದಿಂಬಿನಡಿಯಿಂದ ತೆಗೆಯಲಾರಳು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಹುಡುಗಿಯ ಅಣ್ಣನ ಕಥೆ. ತಂಗಿಗೆ ಸೋಂಕು ತಗಲಬಾರದೆಂದು, ಅಪ್ಪ–ಅಮ್ಮನಿಗೆ ಆಸ್ಪತ್ರೆಯೇ ಮನೆಯಾಯಿತೆಂದು, ಒಂಬತ್ತರ ಹುಡುಗನನ್ನು ಮೈಸೂರಿನ ನಮ್ಮ ಮನೆಗೆ ಕರೆತಂದೆವು. ಎರಡು ವರ್ಷ ಇಲ್ಲೇ ಶಾಲೆಗೆ ಹೋದ. ಒಂದು ದಿನವೂ ಹಟ ಮಾಡಲಿಲ್ಲ. ಒಳ್ಳೆಯ ಹುಡುಗ ಎಂದು ಎಲ್ಲರೂ ಹೊಗಳಿದೆವು. ಎರಡು ವರ್ಷ ಹಟ ಮಾಡದ ಮಗು ಯಾವುದನ್ನು ನುಂಗಿಕೊಂಡಿದೆ ಎಂದು ನಾವ್ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಿಂಗಪುರದಿಂದ ಬಂದವನಿಗೆ ‘ಏನೇನು ನೋಡಿದೆಯೋ?’ ಎಂದೆ. ನೀರುಗುಳುವ ಸಿಂಹದ ಸುದ್ದಿ ಎತ್ತಲಿಲ್ಲ, ಯೂನಿವರ್ಸಲ್ ಸ್ಟುಡಿಯೋಸ್ ಹೆಸರು ಹೇಳಲಿಲ್ಲ. ‘ಅತ್ತೆ, ನಾಲ್ಕೂ ಜನ ಒಂದೇ ರೂಮಲ್ಲಿ ಮಲಗಿದ್ವಿ. ಅಪ್ಪ ಗೊರಕೆ ಹೊಡೀತಿದ್ರು’ ಎಂದ.

ಈ ಹುಡುಗ ಹೇಳಿದ್ದನ್ನು ಜರ್ಮನಿ ಬಹಳ ಹಿಂದೆಯೇ ಆರೋಗ್ಯ ನೀತಿಯೊಳಗೆ ತಂದುಕೊಂಡಿದೆ. ಅಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಗುವಿನ ಜೊತೆ ಅಪ್ಪ, ಅಮ್ಮ, ಒಡಹುಟ್ಟಿದವರು ಎಲ್ಲರೂ ಸಾಮಾನ್ಯವಾಗಿ ನಾಲ್ಕು ವಾರ ಪುನಶ್ಚೇತನ ಕೇಂದ್ರಕ್ಕೆ ಹೋಗಿ ಇರಬಹುದು. ಖರ್ಚು ಬಹುಮಟ್ಟಿಗೆ ಪಿಂಚಣಿ ವಿಮೆ ಅಥವಾ ಆರೋಗ್ಯ ವಿಮೆಯದು. ‘ಬ್ಲ್ಯಾಕ್ ಫಾರೆಸ್ಟ್’ ಕಾಡಿನ ಸೀಮೆಯ ಟಾನ್‌ಹೈಮ್‌ನಲ್ಲಿ 1997ರಲ್ಲಿ ಶುರುವಾದ ಕೇಂದ್ರ ಇಂಥದ್ದೊಂದು. ಅಲ್ಲಿ ಮಕ್ಕಳಿಗೆ ಪಾಠವೂ ಉಂಟು, ವ್ಯಾಯಾಮವೂ ಉಂಟು. ಕಾಯಿಲೆ ಬಾರದ ಅಣ್ಣ–ತಂಗಿಯರನ್ನೂ ಆರೈಕೆ ಬೇಕಾದವರೆಂದೇ ಕಾಣುತ್ತಾರೆ. ಮಗುವಿಗೆ ಕ್ಯಾನ್ಸರ್ ಬಂದರೆ ರೋಗಿ ಇಡೀ ಕುಟುಂಬ ಎಂಬುದನ್ನು ಒಪ್ಪಿಕೊಂಡು ದುಡ್ಡು ಕಟ್ಟುವ ವ್ಯವಸ್ಥೆ ಅದು.

ಅಮೆರಿಕದಲ್ಲಿ ಈ ಕೆಲಸ ದಾನಿಗಳ ಹೆಗಲಿಗೆ ಬಿದ್ದಿದೆ. ಫ್ಲಾರಿಡಾದ ಕಿಸಿಮ್ಮಿಯಲ್ಲಿರುವ ‘ಗಿವ್ ಕಿಡ್ಸ್ ದ ವರ್ಲ್ಡ್’ ಎಂಬ ಊರು ಗಂಭೀರ ಕಾಯಿಲೆಯ ಮಕ್ಕಳ ಕುಟುಂಬಗಳನ್ನು ಬೇರೆ ದೇಶಗಳಿಂದಲೂ ಕರೆಸಿಕೊಂಡು ಒಂದು ವಾರ ಉಚಿತವಾಗಿ ಇರಿಸಿಕೊಳ್ಳುತ್ತದೆ. 1986ರಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿದ ಹೆನ್ರಿ ಲ್ಯಾಂಡ್‌ವರ್ತ್ ನಾತ್ಸಿ ಶಿಬಿರಗಳಿಂದ ಬದುಕಿ ಬಂದವರು, ಹೋಟೆಲ್ ಉದ್ಯಮಿ. ಲುಕೇಮಿಯಾ ಇದ್ದ ಏಮಿ ಎಂಬ ಬಾಲಕಿಗೆ ಅವರ ಹೋಟೆಲಿನಲ್ಲಿ ಕೋಣೆ ಸಿದ್ಧವಿತ್ತು. ಪ್ರಯಾಣದ ಉಳಿದ ಏರ್ಪಾಡುಗಳು ಮುಗಿಯುವಷ್ಟರಲ್ಲಿ ಆಕೆಯೇ ಇರಲಿಲ್ಲ. ಇನ್ನೊಂದು ಮಗುವಿಗೆ ಹೀಗಾಗಬಾರದೆಂದು ಹುಟ್ಟಿದ ಊರು ಅದು.

ನಮ್ಮ ಮನೆಯ ಪ್ರವಾಸವನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟಿದ್ದು ಕೂಡ ಕಾಗದಪತ್ರವೇ. ಪ್ರವಾಸ ವಿಮೆಯ ಅರ್ಜಿಯಲ್ಲಿ ‘ಹಿಂದಿನ ಕಾಯಿಲೆ ಇದೆಯೇ’ ಎಂಬ ಸಾಲಿನೆದುರು ‘ಹೌದು’ ಎಂದೊಡನೆ ಒಂದು ಕಂಪನಿ ಬಾಗಿಲು ಹಾಕಿತು. ಇನ್ನೊಂದರ ಏಜೆಂಟ್, ‘ಕ್ಯಾನ್ಸರ್ ಅಂತ ಬರೀಬೇಡಿ ಸರ್, ಯಾರೂ ನೋಡಲ್ಲ’ ಎಂದ. ಇದು ಉಪಕಾರದ ಮಾತಿನಂತೆ ಕೇಳಿಸುವ ಅಪಾಯ. ಕಾಯಿಲೆ ಮುಚ್ಚಿಟ್ಟರೆ ನಾಳೆ ಕಾಲು ಮುರಿದು ಕ್ಲೇಮ್ ಮಾಡಿದಾಗಲೂ ಅದೇ ನೆಪವಾಗಬಹುದು. ನಿಜ ಬರೆದರೆ ಸಿಗುವ ಪಾಲಿಸಿ ಸಾಮಾನ್ಯವಾಗಿ ಕ್ಯಾನ್ಸರಿಗೆ ಸಂಬಂಧಪಟ್ಟ ಯಾವುದನ್ನೂ ಒಳಗೊಳ್ಳುವುದಿಲ್ಲ. ಯುರೋಪಿಗೆ ಹೊರಟವರಿಗಂತೂ ಷೆಂಗೆನ್ ವೀಸಾಕ್ಕೆ ಕನಿಷ್ಠ 30 ಸಾವಿರ ಯೂರೊ ಮೊತ್ತದ ವಿಮೆ ಕಡ್ಡಾಯ. ಅಂದರೆ ವೀಸಾ ಕಚೇರಿಗೆ ಬೇಕಾದ ಕಾಗದ ಸಿಗುತ್ತದೆ, ತಾಯಿಗೆ ಬೇಕಾದ ಭರವಸೆ ಸಿಗುವುದಿಲ್ಲ.

ಬ್ರಿಟನ್‌ನ ಹಣಕಾಸು ನಿಯಂತ್ರಕರು 2021ರಲ್ಲಿ ಇದಕ್ಕೊಂದು ದಾರಿ ಮಾಡಿದರು. ಹಳೆಯ ಕಾಯಿಲೆಯ ಕಾರಣಕ್ಕೆ ವಿಮೆ ನಿರಾಕರಿಸುವ ಅಥವಾ ಒಂದು ಮಿತಿಗೂ ಮೇಲೆ ಕಂತು ಏರಿಸುವ ಕಂಪನಿ, ಅಂಥವರಿಗೆ ವಿಮೆ ಕೊಡುವ ಕಂಪನಿಗಳ ಪಟ್ಟಿಯತ್ತ ಗ್ರಾಹಕರನ್ನು ಕಳಿಸಲೇಬೇಕು. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆರೋಗ್ಯ ವಿಮೆಯಲ್ಲಿ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದೆ. ಒಳ್ಳೆಯ ಹೆಜ್ಜೆ. ಆದರೆ ಐದು ದಿನ ಊರು ಬಿಟ್ಟು ಹೋಗುವ ಮಗುವಿಗೆ ಮೂರು ವರ್ಷ ಕಾಯುವ ನಿಯಮದಿಂದ ಏನೂ ಆಗಬೇಕಾದ್ದಿಲ್ಲ. ಬ್ರಿಟನ್ನಿನಂಥ ಪಟ್ಟಿಯನ್ನು ಇಲ್ಲೂ ಮಾಡಲು ದೊಡ್ಡ ಖರ್ಚೇನೂ ಇಲ್ಲ.

ಎರಡನೆಯ ಕಾಗದ ಆಸ್ಪತ್ರೆಯದು. ತಮ್ಮನ ಮನೆಯ ಫೈಲು ಮೂರು ಕೆ.ಜಿ. ತೂಗುತ್ತದೆ. ಪರದೇಶದಲ್ಲಿ ರಾತ್ರಿ ಮಗುವಿಗೆ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಬೇಕಾದ್ದು ಎರಡು ಪುಟ: ಯಾವ ಕಾಯಿಲೆ, ಯಾವ ಔಷಧಿ ಎಷ್ಟು, ಯಾವಾಗ ಮುಗಿಯಿತು, ಇನ್ನೇನು ಗಮನಿಸಬೇಕು. ಡಾಕ್ಸೊರುಬಿಸಿನ್‌ನಂಥ ಔಷಧಿ ವರ್ಷಗಳ ನಂತರ ಹೃದಯದ ಮೇಲೆ ಪರಿಣಾಮ ತೋರಬಲ್ಲದು. ಒಟ್ಟು ಎಷ್ಟು ಕೊಟ್ಟಿದ್ದರೆಂಬ ಲೆಕ್ಕ ಆ ಮಗು ಮದುವೆಯಾಗಿ ಬಸುರಿಯಾದಾಗಲೂ ಬೇಕು. ಯುರೋಪಿನ ವೈದ್ಯರು ಇದಕ್ಕೆಂದೇ ‘ಸರ್ವೈವರ್‌ಶಿಪ್ ಪಾಸ್‌ಪೋರ್ಟ್’ ರೂಪಿಸಿದ್ದಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಮಕ್ಕಳ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ನಮ್ಮ ರಾಜ್ಯದ ಪ್ರತಿ ಆಸ್ಪತ್ರೆಯೂ ಕೊನೆಯ ದಿನ ಈ ಎರಡು ಪುಟವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಟ್ಟು ಕಳಿಸಬೇಕು.

ಹೊರಡುವ ಮನೆಯವರಿಗೆ ಒಂದು ಮಾತು. ಜಾಗ ಆರಿಸುವ ಮೊದಲೇ ವೈದ್ಯರನ್ನು ಕೇಳಿ. ಕೀನ್ಯಾದ ಸಫಾರಿಗೆ ಹೋಗಿ ಬರಬೇಕಾದರೆ ಹಳದಿ ಜ್ವರದ ಲಸಿಕೆ ಬೇಕು. ಅದು ಜೀವಂತ ವೈರಸ್ಸಿನ ಲಸಿಕೆ, ಕಿಮೊ ಮುಗಿದು ಕೆಲವು ತಿಂಗಳಾಗುವವರೆಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಪರದೇಶಕ್ಕೆ ಹೋಗುವ ಶಕ್ತಿ ಎಷ್ಟು ಮನೆಗಳಿಗಿದೆ? ಕಿದ್ವಾಯಿ ಆಸ್ಪತ್ರೆಗೆ ರಾಯಚೂರು, ಬಳ್ಳಾರಿ ಕಡೆಯಿಂದ ಬರುವ ಎಷ್ಟೋ ತಂದೆ ತಾಯಂದಿರಿಗೆ ಬೆಂಗಳೂರೇ ಪರದೇಶ; ಕೂಲಿ ಬಿಟ್ಟು, ಉಳಿದ ಮಕ್ಕಳನ್ನು ಅಜ್ಜಿಯ ಮಡಿಲಿಗೆ ಹಾಕಿ ತಿಂಗಳುಗಟ್ಟಲೆ ಅಲ್ಲಿರುತ್ತಾರೆ. ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಒಡೆದ ಮನೆ ಮತ್ತೆ ಕೂಡಿಕೊಳ್ಳಲು ನಾಲ್ಕು ದಿನ ಕೊಡುವ ಯೋಜನೆ ಯಾವುದಿದೆ? ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಲ್ಲಿ ಜನ ಕಡಿಮೆ ಇರುವ ದಿನಗಳಲ್ಲಿ ಕೆಲವು ಕೋಣೆಗಳನ್ನು ಈ ಕುಟುಂಬಗಳಿಗೆಂದು ಮೀಸಲಿಡಬಹುದು. ಸಮುದ್ರ ನೋಡದ ಮಗುವಿಗೆ ಕರಾವಳಿಯೇ ಸಿಂಗಪುರ.

ಮಕ್ಕಳ ಕ್ಯಾನ್ಸರಿನಲ್ಲಿ ಶೇ 60ರಷ್ಟು ಮಕ್ಕಳಾದರೂ 2030ರ ಹೊತ್ತಿಗೆ ಬದುಕುಳಿಯಬೇಕು ಎಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಟ್ಟುಕೊಂಡಿತು. ಶ್ರೀಮಂತ ದೇಶಗಳಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಿದ್ದಾರೆ. ನಮ್ಮಲ್ಲೂ ಗೆದ್ದು ಬರುವ ಮಕ್ಕಳ ಸಂಖ್ಯೆ ಹೆಚ್ಚುತ್ತಿದೆ. ಅವರು ಶಾಲೆಗೆ ಹೋಗುತ್ತಾರೆ, ಕೆಲಸ ಹಿಡಿಯುತ್ತಾರೆ, ದೇಶ ಸುತ್ತುತ್ತಾರೆ. ಪ್ರತಿ ಅರ್ಜಿಯೂ ಅವರನ್ನು ‘ಕ್ಯಾನ್ಸರ್ ಇತ್ತೇ? ಹೌದು, ಇಲ್ಲ’ ಎಂದಷ್ಟೇ ಕೇಳಿ ಸುಮ್ಮನಾಗುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಲಿ: ಚಿಕಿತ್ಸೆ ಮುಗಿದದ್ದು ಯಾವ ತಿಂಗಳು, ಯಾವ ವರ್ಷ?