ಗೀಸರ್ ಲೈನ್ ಎಳೆಯುವ ಕೈಗೆ ಯಾವ ಪರವಾನಗಿ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ರಿಪೇರಿ ಕೆಲಸಕ್ಕೆ ಬಂದವನ ಹೆಸರು, ಮೊಬೈಲ್ ನಂಬರ್, ಫೋಟೊ ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ. ಎಷ್ಟು ಹೊತ್ತಿಗೆ ಒಳಗೆ ಹೋದ, ಎಷ್ಟು ಹೊತ್ತಿಗೆ ಹೊರಬಿದ್ದ ಎಂಬುದೂ ದಾಖಲಾಗುತ್ತದೆ. ವೈರ್‌ಮನ್ ಪರ್ಮಿಟ್ ಇದೆಯಾ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಅವನೇ ಬೆರಗಾದಾನು. ನಲ್ಲಿಯ ವಾಷರ್ ಬದಲಿಸಿ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟು, ಗೀಸರ್‌ಗೆ ಹೊಸ ಲೈನ್ ಎಳೆದು, ಹೋಗುವ ಮುಂಚೆ ಕಟ್ಟಿಕೊಂಡ ಪೈಪನ್ನೂ ಬಿಡಿಸಿಕೊಡುವ ಈ ಮನುಷ್ಯನಿಗೆ ಕನ್ನಡದಲ್ಲಿ ಒಂದು ನೆಟ್ಟಗಿನ ಹೆಸರಿಲ್ಲ. ಕಾನೂನಿನಲ್ಲೂ ಇಲ್ಲ.

ಹಾಗೆಂದು ನಿಯಮಗಳಿಗೇನೂ ಬರವಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳೇ ಒಂದು ಗೆರೆ ಎಳೆದಿದ್ದವು. ಅದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಗೂ ಬಂತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಮೀರದ ಮನೆಬಳಕೆಯ ಉಪಕರಣಗಳನ್ನು ಯಾರು ಬೇಕಾದರೂ ಬದಲಿಸಬಹುದು. ವೈರಿಂಗ್‌ನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು, ಅಷ್ಟೆ. ಅದರಾಚೆಗಿನ ಸೇರ್ಪಡೆ, ಮಾರ್ಪಾಡು, ದುರಸ್ತಿಗಳು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರನ ಮೂಲಕ, ಅರ್ಹತಾ ಪತ್ರವಿರುವ ಮೇಲ್ವಿಚಾರಕನ ನೇರ ನಿಗಾದಲ್ಲಿ, ಪರ್ಮಿಟ್ ಇರುವ ಕೆಲಸಗಾರನಿಂದಲೇ ಆಗಬೇಕು.

ವಿವೇಕದ ಗೆರೆಯೇ ಇದು. ಹಳೆಯ ಗೀಸರ್ ಬಿಚ್ಚಿ ಅಂಥದ್ದೇ ಇನ್ನೊಂದನ್ನು ಕೂರಿಸುವುದು ಗೆರೆಯ ಈಚೆ. ಮೊಬೈಲ್ ಚಾರ್ಜರ್‌ಗೆಂದು ಹಾಕಿದ ತೆಳು ವೈರಿಗೇ ಸಾಕೆಟ್ಟು ಬದಲಿಸಿ 15 ಆ್ಯಂಪ್ ಪಾಯಿಂಟ್ ಮಾಡಿಕೊಡುವುದು ಆಚೆ. ಗೀಸರ್ ಅಲ್ಲೂ ಬಿಸಿಯಾಗುತ್ತದೆ, ವೈರೂ ಬಿಸಿಯಾಗುತ್ತದೆ. ಕೆಲಸ ಎರಡರಲ್ಲೂ ಅರ್ಧ ಗಂಟೆಯದು, ಕೂಲಿ ಹೆಚ್ಚುಕಮ್ಮಿ ಅಷ್ಟೇ. ಆದ್ದರಿಂದಲೇ ಮನೆಯವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಕರ್ನಾಟಕದಲ್ಲಿ ಈ ಲೈಸೆನ್ಸ್, ಪರ್ಮಿಟ್‌ಗಳು ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿಗೆ ಬರುತ್ತವೆ. ಅವು ನೆನಪಾಗುವುದು ಹೊಸ ಸಂಪರ್ಕದ ಅರ್ಜಿ ಹಾಕುವ ಹೊತ್ತಿಗೆ: ಗುತ್ತಿಗೆದಾರರ ಸಹಿ ಬೇಕು, ಸಿಗುತ್ತದೆ, ಮೀಟರ್ ಬರುತ್ತದೆ. ಗೋಡೆ ಕೊರೆದು ಪೈಪಿನೊಳಗೆ ವೈರ್ ಎಳೆದವನು ಯಾರು ಎಂಬ ಪ್ರಶ್ನೆ ಆ ಕಾಗದದಲ್ಲಿ ಏಳುವುದು ಅಪರೂಪ. ಮುಂದಿನ 30 ವರ್ಷ ಆ ಮನೆಯಲ್ಲಿ ಏನೇನು ಜೋಡಿಸಿದರು, ಯಾರು ಜೋಡಿಸಿದರು ಎಂಬುದಂತೂ ಯಾವ ಕಡತಕ್ಕೂ ಸೇರುವುದಿಲ್ಲ. ಕೊಳಾಯಿಯ ಕತೆಯೂ ಹೀಗೇ. ಜಲಮಂಡಳಿಯ ಲೈಸೆನ್ಸ್ ಇರುವ ಪ್ಲಂಬರ್ ಬೇಕಾಗುವುದು ಹೊಸ ಸಂಪರ್ಕಕ್ಕೆ.

ಹಾಗಾದರೆ ರಿಪೇರಿಯವರಿಗೆಲ್ಲ ಒಂದೊಂದು ಲೈಸೆನ್ಸ್ ಕಡ್ಡಾಯ ಮಾಡಿಬಿಡೋಣವೇ? ಬೇಡ. ಬಾಗಿಲ ಚಿಲಕ ಕೂರಿಸಲು ಸರ್ಕಾರದ ಮುದ್ರೆ ಕೇಳಿದರೆ ಚಿಲಕವೇನೂ ಗಟ್ಟಿಯಾಗುವುದಿಲ್ಲ; ಮಧ್ಯವರ್ತಿಯ ಜೇಬು ಗಟ್ಟಿಯಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಣದ ಮಿತಿಯ ದಾರಿ ಹಿಡಿದಿದ್ದಾರೆ. ಸಾಮಾನು, ಕೂಲಿ ಸೇರಿ 500 ಡಾಲರ್‌ಗಿಂತ ಕಡಿಮೆಯ ಕೆಲಸಕ್ಕೆ ಅಲ್ಲಿ ಲೈಸೆನ್ಸ್ ಬೇಕಿರಲಿಲ್ಲ. 2025ರ ಜನವರಿ 1ರಿಂದ ಆ ಮಿತಿ 1,000 ಡಾಲರ್. ಕಟ್ಟಡ ಪರವಾನಗಿ ಬೇಕಾಗುವ ಕೆಲಸ ಅದಾಗಿರಬಾರದು, ಸಹಾಯಕ್ಕೆ ಆಳು ಇಟ್ಟುಕೊಳ್ಳಬಾರದು. ಜಾಹೀರಾತು ಕೊಟ್ಟರೆ ‘ನನಗೆ ಲೈಸೆನ್ಸ್ ಇಲ್ಲ’ ಎಂದು ಅದರಲ್ಲೇ ಹೇಳಬೇಕು. ಈ ಕೊನೆಯ ಷರತ್ತು ನನಗೆ ಹಿಡಿಸಿತು. ಹಣದ ಮಿತಿ ನಮಗೆ ಹೊಂದದು. ಇಲ್ಲಿ ಮೈಸುಡುವ ತಪ್ಪು 300 ರೂಪಾಯಿಯ ಕೆಲಸದಲ್ಲೇ ಆಗಬಹುದು. ಗೆರೆ ಅಪಾಯದ ಮೇಲೆಯೇ ಇರಲಿ. ಆದರೆ ಅದು ಮನೆಯವರ ಕಣ್ಣಿಗೆ ಬೀಳಬೇಕು: ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಸಾಲು ಅಚ್ಚಾದರೂ ಸಾಕು.

ಪೂರ್ತಿ ನಿಷಿದ್ಧವಾದ ಜಾಗವೂ ಒಂದಿದೆ. ‘ಹೇಗೂ ಬಂದಿದ್ದೀಯಲ್ಲ, ಆ ಗುಂಡಿಗೊಂದಿಷ್ಟು ಇಳಿದು ನೋಡು’ ಎಂದು ರಕ್ಷಣಾ ಸಾಧನವಿಲ್ಲದೆ ಒಬ್ಬನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಕಾನೂನು ಹಿಡಿಯುವುದು ಇಳಿದವನನ್ನಲ್ಲ, ಇಳಿಸಿದವರನ್ನು.

ಇನ್ನು ನೋಂದಣಿ. ಅದು ರಿಪೇರಿಯವನನ್ನು ಕಟ್ಟಿಹಾಕಲು ಅಲ್ಲ, ಅವನು ಏಣಿಯಿಂದ ಬಿದ್ದ ದಿನಕ್ಕೆ. ಅಸಂಘಟಿತ ಕಾರ್ಮಿಕರ ನೋಂದಣಿಗೆಂದು ಇ-ಶ್ರಮ್ ಪೋರ್ಟಲ್ 2021ರ ಆಗಸ್ಟ್‌ನಲ್ಲಿ ಬಂತು, ಕಾರ್ಡು ಕೊಟ್ಟಿತು. ಆ್ಯಪ್ ಮೂಲಕ ದುಡಿಯುವವರಿಗೆಂದು ರಾಜ್ಯ 2025ರಲ್ಲಿ ಕಾಯ್ದೆ ಮಾಡಿ, ಪಾವತಿಯ ಮೇಲೆ ಶೇ 1ರಿಂದ 5ರಷ್ಟು ಶುಲ್ಕಕ್ಕೆ ದಾರಿ ಮಾಡಿದೆ. ಆ್ಯಪ್ ಇಲ್ಲದೆ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತು ಕೆಲಸ ಹಿಡಿಯುವವನ ಪಾಲಿಗೆ ಗಟ್ಟಿಯಾಗಿ ಉಳಿಯುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯೇ. 1996ರ ಕಾಯ್ದೆಯಲ್ಲೇ ಕಟ್ಟಡದ ದುರಸ್ತಿ, ನಿರ್ವಹಣೆಯೂ ಕಟ್ಟಡ ಕೆಲಸವೆನಿಸಿತ್ತು. ಹಾಗಾಗಿ ಅವನಿಗೂ ಬಾಗಿಲು ತೆರೆದಿದೆ. ತೊಡಕಿನ ಷರತ್ತು ಒಂದೇ, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಒಂದೇ ಕಟ್ಟಡದಲ್ಲಿ ಮೂರು ತಿಂಗಳು ಇಟ್ಟಿಗೆ ಹೊತ್ತವನಿಗೆ ಮೇಸ್ತ್ರಿಯೋ ಗುತ್ತಿಗೆದಾರನೋ ಬರೆದುಕೊಟ್ಟಾನು. ದಿನಕ್ಕೆ ನಾಲ್ಕು ಮನೆ ಸುತ್ತುವವನು ಯಾವ ಮಾಲೀಕನ ಹತ್ತಿರ ಹೋಗಬೇಕು? 90 ದಿನಕ್ಕೆ ಅವನಿಗೆ 360 ಮಾಲೀಕರು.

ಲೆಕ್ಕ ಇರುವ ಜಾಗ ಮಾತ್ರ ನಮಗೆ ಗೊತ್ತಿದೆ. ಯಾವ ತಾರೀಕು, ಯಾವ ಫ್ಲ್ಯಾಟು, ಎಷ್ಟು ಹೊತ್ತು ಎಂಬುದೆಲ್ಲ ಗೇಟಿನ ರಿಜಿಸ್ಟರಿನಲ್ಲೋ ಫೋನಿನಲ್ಲೋ ಕೂತಿದೆ. ಅದರ ಒಂದು ಪ್ರತಿಗೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸಹಿ ಹಾಕಿಕೊಟ್ಟರೆ, ಕಾರ್ಮಿಕ ಇಲಾಖೆ ಅದನ್ನು ದುಡಿಮೆಯ ಪುರಾವೆಯೆಂದು ಒಪ್ಪಿಕೊಳ್ಳಲಿ.