ಹಿರಿಯರ ಸಂಕಟಕ್ಕೆ ಕಿವಿಗೊಡೋಣ

ಮಕ್ಕಳು ವಿದೇಶದಲ್ಲಿ ನೆಲೆಸಿ, ವಯಸ್ಸಾದ ತಂದೆತಾಯಿಗಳನ್ನು ಅಲ್ಲಿಗೆ ಕರೆಸಿಕೊಳ್ಳುವುದು ಇಂದು ನಮ್ಮ ಅನೇಕ ಮನೆತನಗಳಲ್ಲಿ ಕಂಡುಬರುವ ಸಂಗತಿ. ಪ್ರೀತಿಗೆ ಕೊರತೆಯಿರುವುದಿಲ್ಲ, ಅನ್ನಬಟ್ಟೆಗೆ ಚಿಂತೆಯಿರುವುದಿಲ್ಲ. ಆದರೂ ಕೆಲವು ಹಿರಿಯರು ದಿನೇ ದಿನೇ ಸೊರಗುತ್ತಾರೆ. “ಎದೆ ಭಾರ, ಊಟ ಸೇರುವುದಿಲ್ಲ, ಜೀವಕ್ಕೆ ಸಮಾಧಾನವಿಲ್ಲ” ಎನ್ನುತ್ತಾರೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ದೇಹದಲ್ಲಿ ದೋಷವಿಲ್ಲವೆಂದು ವೈದ್ಯರು ಮನೆಗೆ ಕಳುಹಿಸುತ್ತಾರೆ. ಇದು ಖಿನ್ನತೆಯಿರಬಹುದೆಂಬ ವಿಚಾರ ಎಷ್ಟೋ ಸಲ ಅವರಿಗೂ ಹೊಳೆಯುವುದಿಲ್ಲ, ನಮಗೂ ಹೊಳೆಯುವುದಿಲ್ಲ.

ವೃದ್ಧರ ಖಿನ್ನತೆಯನ್ನು ಗುರುತಿಸಲು ಹಲವು ದೇಶಗಳಲ್ಲಿ ಬಳಸುವ ಒಂದು ಪ್ರಶ್ನಾವಳಿ 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರಚಿತವಾಯಿತು. ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸಬೇಕಾದ 30 ಪ್ರಶ್ನೆಗಳು ಅದರಲ್ಲಿವೆ. ಮೈಕೈ ನೋವು, ನಿದ್ರಾಹೀನತೆ ಮುಂತಾದವು ಮುಪ್ಪಿನಲ್ಲಿ ಅನ್ಯ ಕಾರಣಗಳಿಂದಲೂ ಬರುವುದರಿಂದ ದೇಹದ ದೂರುಗಳನ್ನು ಅದರಿಂದ ಬೇಕೆಂದೇ ಕೈಬಿಡಲಾಯಿತು. ಆ ತರ್ಕ ಸಾಧುವಾದುದೇ. ಆದರೆ ಮನಸ್ಸಿನ ನೋವನ್ನು ದೇಹದ ಮಾತಿನಲ್ಲಿಯೇ ಹೇಳಿಕೊಳ್ಳುವ ಹಿರಿಯರ ಅಳಲು ಆ ಪಟ್ಟಿಯಲ್ಲಿ ದಾಖಲಾಗುವುದೇ ಇಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಸಂಭವಿಸಬಹುದು. ಮನೆಬಿಟ್ಟು ಹೊರಡಲು ಮನಸ್ಸಿಲ್ಲದಿರುವುದು ಅಲ್ಲಿ ಖಿನ್ನತೆಯ ಗುರುತು. ಕಾರು ನಡೆಸಲು ಬಾರದ, ಅಲ್ಲಿನ ಭಾಷೆಯರಿಯದ, ಹಿಮಕ್ಕೆ ಅಂಜುವ ಅಜ್ಜಿ ಬೇರೆ ಯಾವ ಉತ್ತರ ಕೊಟ್ಟಾರು?

ಈ ತೊಡಕು ಕನ್ನಡಿಗರದು ಮಾತ್ರವಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿ ನೆಲೆಸಿದ ಪಂಜಾಬಿಗಳು ತಮ್ಮ ಸಂಕಟವನ್ನು ‘ಹೃದಯ ಕುಸಿಯುತ್ತಿದೆ’ ಎಂಬರ್ಥದ ಮಾತಿನಿಂದ ತಿಳಿಸುವುದನ್ನು ಮಾನವಶಾಸ್ತ್ರಜ್ಞೆ ಇಂಗಾ-ಬ್ರಿಟ್ ಕ್ರೌಸ್ 1989ರಲ್ಲಿ ವಿವರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ರಘುರಾಮ್ ಮತ್ತು ಸಂಗಡಿಗರು 80 ರೋಗಿಗಳನ್ನು ಕುರಿತು ನಡೆಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಖಿನ್ನತೆಯ ಲಕ್ಷಣಗಳು ಹೆಚ್ಚಿದಷ್ಟೂ ಕಳಂಕದ ಭಾವನೆ ಹೆಚ್ಚಾಗಿತ್ತು. ದೇಹದ ಲಕ್ಷಣಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಾಗಿತ್ತು. ಮಂಡಿನೋವನ್ನು ನಾಲ್ಕು ಜನರೆದುರು ಹೇಳಬಹುದು. ಬದುಕು ಬೇಸರವಾಗಿದೆಯೆಂದು ಹೇಳಿದರೆ ಮಗನಿಗೆ, ಸೊಸೆಗೆ ಅಪವಾದ ಬಂದೀತೆಂಬ ಭಯ ನಮ್ಮ ಹಿರಿಯರಿಗೆ ಇದ್ದೇ ಇದೆ.

ವೈದ್ಯಲೋಕವೂ ಈ ಕೊರತೆಯನ್ನು ಮನಗಂಡಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ 16 ಪ್ರಶ್ನೆಗಳ ಒಂದು ಸಂದರ್ಶನಕ್ರಮವಿದೆ. ತನ್ನ ತೊಂದರೆಯನ್ನು ರೋಗಿ ಏನೆಂದು ಕರೆಯುತ್ತಾನೆ, ಕಾರಣವೇನೆಂದು ಭಾವಿಸುತ್ತಾನೆ, ಯಾರ ನೆರವನ್ನು ಬಯಸುತ್ತಾನೆ ಎಂಬುದನ್ನು ಅವನ ಮಾತಿನಲ್ಲಿಯೇ ಕೇಳುವ ಕ್ರಮವದು.

ಬಂಧುಗಳೇ, ವೈದ್ಯರು ಕೇಳದಿದ್ದರೂ ನಾವು ಹೇಳಬಹುದು. ಎದೆನೋವೆಂದರೆ ಮೊದಲು ಹೃದಯದ ಪರೀಕ್ಷೆಯೇ ಆಗಬೇಕು. ಥೈರಾಯ್ಡ್, ರಕ್ತಹೀನತೆಗಳನ್ನೂ ನೋಡಿಸಬೇಕು. ಅನಂತರ ಹಿರಿಯರ ದಿನಚರಿಯಲ್ಲಿ ಆಗಿರುವ ವ್ಯತ್ಯಾಸವನ್ನು ವೈದ್ಯರ ಮುಂದಿಡಬೇಕು. ನಿತ್ಯದ ಪೂಜೆ ತಪ್ಪುತ್ತಿದೆಯೇ? ಊರಿನ ಫೋನು ಬಂದರೂ ಮಾತು ಬೇಡವಾಗಿದೆಯೇ? ಮೊಮ್ಮಕ್ಕಳ ಆಟವೂ ಹಿತವಾಗದಾಗಿದೆಯೇ? ಯಾವ ಪ್ರಶ್ನಾವಳಿಯಲ್ಲಿಯೂ ಇರದ ಈ ಸಂಗತಿಗಳನ್ನು ಮನೆಯವರು ಮಾತ್ರ ಬಲ್ಲರು. ಮೊಮ್ಮಗನನ್ನು ದುಭಾಷಿಯಾಗಿ ಕೂರಿಸಬಾರದು. ಸಾವಿನ ಯೋಚನೆಯನ್ನು ಯಾವ ಅಜ್ಜನೂ ಮೊಮ್ಮಗನ ಬಾಯಿಂದ ಹೇಳಿಸಲಾರರು. ಕನ್ನಡ ಬಲ್ಲ ದುಭಾಷಿಯನ್ನು ಆಸ್ಪತ್ರೆಯವರಲ್ಲಿ ಕೇಳಬೇಕು. ವೈದ್ಯರೊಡನೆ ಹಿರಿಯರು ಏಕಾಂತದಲ್ಲಿ ಮಾತನಾಡಲು ಅನುವು ಮಾಡಿಕೊಡಬೇಕು.

“ವಯಸ್ಸಾಯಿತು, ವೈರಾಗ್ಯ ಬಂದಿದೆ” ಎಂದು ನಾವೇ ತೀರ್ಮಾನಿಸಿಬಿಡುವುದು ಅನ್ಯಾಯ. ವೈರಾಗ್ಯವುಳ್ಳವರ ಮುಖದಲ್ಲಿ ಶಾಂತಿ ಇರುತ್ತದೆ. ಖಿನ್ನರಾದವರು ಒಳಗೊಳಗೇ ಬೇಯುತ್ತಿರುತ್ತಾರೆ. ಖಿನ್ನತೆ ಮುಪ್ಪಿನ ಸಹಜ ಧರ್ಮವಲ್ಲ. ಅದು ಚಿಕಿತ್ಸೆಯುಳ್ಳ ಕಾಯಿಲೆ. ಆಪ್ತಸಲಹೆ ಮತ್ತು ಔಷಧಿಗಳಿಂದ ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿಯೂ ಅನೇಕರು ಚೇತರಿಸಿಕೊಳ್ಳುತ್ತಾರೆ. ಈ ವಾರ ವಿದೇಶದಲ್ಲಿರುವ ಹಿರಿಯರಿಗೆ ಫೋನು ಮಾಡುವಾಗ “ಆರೋಗ್ಯವೇ?” ಎಂದಷ್ಟೇ ಕೇಳದೆ, “ಅಲ್ಲಿ ನಿಮ್ಮ ದಿನ ಹೇಗೆ ಕಳೆಯುತ್ತದೆ?” ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಆಲಿಸೋಣ.