ಲಾಯದಿಂದ ಅಂಕಣಕ್ಕೆ

ಎಂಟು ವರ್ಷಗಳ ಹಿಂದಿನ ಮಾತು. ಎಂ.ಎ. ಮುಗಿಸಿ ಮಧುಗಿರಿಗೆ ಅಧ್ಯಾಪಕನಾಗಿ ಬಂದ ಹೊಸತು. ಲಕ್ಷ್ಮೀಶನ ಜೈಮಿನಿ ಭಾರತದ ಪಾಠ ನಡೆಯುತ್ತಿದ್ದಿತು. ಧರ್ಮರಾಯನ ಯಜ್ಞಾಶ್ವವು ದೇಶದೇಶಗಳನ್ನು ಸುತ್ತುವ ವೃತ್ತಾಂತವನ್ನು ನಾನು ಆವೇಶದಿಂದ ವಿವರಿಸುತ್ತಿರುವಾಗ, ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಆ ಕುದುರೆಗೆ ದಿನಾ ಹುಲ್ಲು ಹಾಕಿ ಮೈ ಉಜ್ಜುತ್ತಿದ್ದವರು ಯಾರು?” ಎಂದು ಕೇಳಿದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. “ಕಾವ್ಯದಲ್ಲಿ ಹುಲ್ಲಿನ ಲೆಕ್ಕ ಕೇಳಬಾರದಪ್ಪ” ಎಂದು ನಾನೂ ನಕ್ಕು ಅವನನ್ನು ಕೂಡಿಸಿದೆ. ಆ ಉತ್ತರ ನನಗೇ ಅಷ್ಟಾಗಿ ರುಚಿಸಿರಲಿಲ್ಲ ಎಂಬುದನ್ನು ಇಂದು ಒಪ್ಪಿಕೊಳ್ಳುತ್ತೇನೆ. ಹುಡುಗನು ಶಿರಾದವನು. ಮೊಗಲರ ಸುಬೇದಾರರು ಕುದುರೆಯೇರಿ ಮೆರೆದ ಆ ಊರಿನಲ್ಲಿ ಅವನ ತಾತ ಜಟಕಾ ಹೊಡೆಯುತ್ತಿದ್ದನೆಂಬುದು ಆಮೇಲೆ ತಿಳಿಯಿತು.

ಕಳೆದ ತಿಂಗಳು ಬೆಂಗಳೂರಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದ ಆಸನದ ಯುವಕನು “ನಮಸ್ಕಾರ ಸಾರ್” ಎಂದನು. ಅದೇ ಹುಡುಗ! ಮಧುಗಿರಿಯಲ್ಲಿರುವ ಅಕ್ಕನ ಮನೆಗೆ ಹೊರಟಿದ್ದನು. ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ಕೆಲಸವಂತೆ. ಮೊದಲು ಸಯೀಸನಾಗಿ ಲಾಯ ಗುಡಿಸಿ, ಈಗ ಮಕ್ಕಳಿಗೆ ಸವಾರಿ ಕಲಿಸುವ ಮಟ್ಟಕ್ಕೆ ಬಂದಿದ್ದಾನೆ. ಅಷ್ಟೇ ಅಲ್ಲ, “ಡ್ರೆಸ್ಸೇಜ್ ಸ್ಪರ್ಧೆಯಲ್ಲೂ ಇಳಿಯುತ್ತೇನೆ ಸಾರ್” ಎಂದನು. ಹೆಸರನ್ನು ಕೇಳಿ ನಾನು ಉಡುಗೆ ತೊಡುಗೆಯ ಸ್ಪರ್ಧೆಯೆಂದು ಭ್ರಮಿಸಿ, ಅವನ ಮಾಸಿದ ಅಂಗಿಯನ್ನು ನೋಡಿದೆ. ವಾಚಕರಲ್ಲಿಯೂ ಕೆಲವರಿಗೆ ಅದೇ ಭ್ರಮೆ ಉಂಟಾಗಿರಬಹುದು. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ಪಳಗಿಸುವಿಕೆ ಎಂದು ಅರ್ಥ.

ದಾಬಸ್‌ಪೇಟೆಯಿಂದ ಕೊರಟಗೆರೆಯವರೆಗೆ ನಾನು ಶಿಷ್ಯನಾದೆ, ಅವನು ಗುರುವಾದನು. 60 ಮೀಟರ್ ಉದ್ದ, 20 ಮೀಟರ್ ಅಗಲದ ಮರಳಿನ ಅಂಕಣ. ಅದರ ಅಂಚಿನಲ್ಲಿ ಅಕ್ಷರಗಳ ಫಲಕಗಳು. ಇಂಥ ಅಕ್ಷರದ ಬಳಿ ಕುದುರೆ ನಡಿಗೆಯಿಂದ ಓಟಕ್ಕೆ ತಿರುಗಬೇಕು, ಇಂಥಲ್ಲಿ ಓರೆಯಾಗಿ ಕಾಲು ದಾಟಿಸುತ್ತ ಸರಿಯಬೇಕು, ಇಂಥಲ್ಲಿ ಮಿಸುಕದೆ ನಿಲ್ಲಬೇಕು. ಪ್ರತಿಯೊಂದು ಚಲನೆಗೂ ತೀರ್ಪುಗಾರರು ಸೊನ್ನೆಯಿಂದ 10ರವರೆಗೆ ಅಂಕ ಕೊಡುತ್ತಾರೆ. ಮೇಲಿನ ದರ್ಜೆಗಳಲ್ಲಿ ಕುದುರೆ ನಿಂತ ನೆಲದಲ್ಲಿಯೇ ತಾಳಬದ್ಧವಾಗಿ ಹೆಜ್ಜೆ ಹಾಕುವುದೂ ಉಂಟು. ಸವಾರನ ಸೂಚನೆ ಮಾತ್ರ ನೋಡುವವರ ಕಣ್ಣಿಗೆ ಬೀಳಕೂಡದು. ಸೊಂಟದ ಭಾರ ಕೊಂಚ ಹಿಂದೆ, ಮೀನಖಂಡದ ಒತ್ತು ಕೊಂಚ ಹೆಚ್ಚು, ಬೆರಳ ಹಿಡಿತ ಕೊಂಚ ಬಿಗಿ. ಇಷ್ಟೇ ಅವರಿಬ್ಬರ ಸಂಭಾಷಣೆ. ಯಜ್ಞಾಶ್ವವು ಮನಬಂದಲ್ಲಿಗೆ ನಡೆದು ಅದರ ಹಿಂದೆ ವೀರರು ಓಡಿದರು. ಇಲ್ಲಿ ಅದರ ತದ್ವಿರುದ್ಧ.

ಪಾಂಡಿತ್ಯಪ್ರದರ್ಶನದ ಚಪಲ ಅಧ್ಯಾಪಕನನ್ನು ಬಸ್ಸಿನಲ್ಲಿಯೂ ಬಿಡುವುದಿಲ್ಲ. ಅಮರಕೋಶದಲ್ಲಿ ಕುದುರೆಯ ಐದು ಗತಿಗಳನ್ನು ಹೇಳಿದೆಯೆಂದು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಬೆರಳು ಮಡಿಸಿ ಒಪ್ಪಿಸಿದೆ. ಅವನು ಗಮನವಿಟ್ಟು ಕೇಳಿ, “ಹೆಸರು ನಿಮಗೆ ಗೊತ್ತು ಸಾರ್, ನಡೆ ನನಗೆ ಗೊತ್ತು” ಎಂದು ನಕ್ಕನು. ಎಂಟು ವರ್ಷಗಳ ಹಿಂದಿನ ನಗೆಯ ಬಾಕಿ ತೀರಿತು.

ಅವನ ದಿನಚರಿಯನ್ನು ಕೇಳಿದಾಗ ನಗು ಉಳಿಯಲಿಲ್ಲ. ಬೆಳಗಿನ ನಾಲ್ಕೂವರೆಗೆ ಎದ್ದರೆ ಮೊದಲು ಮೇವು. ಕುದುರೆಯ ಜಠರ ಅದರ ಗಾತ್ರಕ್ಕೆ ತೀರ ಸಣ್ಣದು. ತಿಂದದ್ದನ್ನು ವಾಂತಿ ಮಾಡಲು ಅದಕ್ಕೆ ಬಾರದು. ಆದ್ದರಿಂದ ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಹಾಕಬೇಕು. ಹೊತ್ತು ತಪ್ಪಿದರೆ ಹೊಟ್ಟೆಶೂಲೆ, ಅದು ಕೆರಳಿದರೆ ಪ್ರಾಣಕ್ಕೇ ಅಪಾಯ. ಬಳಿಕ ಸಗಣಿ ಬಾಚಿ, ಗೊರಸಿನ ಮಣ್ಣು ಕೆತ್ತಿ, ನಾಲ್ಕು ಕಾಲುಗಳನ್ನೂ ಅಂಗೈಯಿಂದ ಸವರಿ ಎಲ್ಲಿಯಾದರೂ ಕಾವು ಏರಿದೆಯೇ ಎಂದು ನೋಡಬೇಕು. ಬಿಸಿಲೇರುವ ಮುನ್ನ ಪರರ ಕುದುರೆಗಳು ಐದಾರು, ಅವಕ್ಕೆ ವ್ಯಾಯಾಮ. ಬೆಳಿಗ್ಗೆ ಸಂಜೆ ಮಕ್ಕಳ ಪಾಠ. ಇದೆಲ್ಲ ಮುಗಿದು ದೀಪ ಹಚ್ಚುವ ಹೊತ್ತಿಗೆ ಅವನ ಸ್ವಂತ ಅಭ್ಯಾಸ.

ಅಭ್ಯಾಸದ ಕುದುರೆಯೂ ಸ್ವಂತದ್ದಲ್ಲ. ಪಂದ್ಯದಿಂದ ನಿವೃತ್ತವಾದದ್ದೊಂದನ್ನು ಶಾಲೆಯವರು ಅವನ ವಶಕ್ಕೆ ಬಿಟ್ಟಿದ್ದಾರೆ. ನಮ್ಮ ಜಿಲ್ಲೆಯ ಕುಣಿಗಲ್ಲಿನಲ್ಲಿ ಹೈದರ್ ಟಿಪ್ಪುಗಳ ಕಾಲದ ಹೆಸರು ಹೊತ್ತ ಅಶ್ವಶಾಲೆ, ಒಂದು ಕಾಲಕ್ಕೆ ದಂಡಿಗೆ ಕುದುರೆ ಒದಗಿಸಿ, ಬಳಿಕ ಪಂದ್ಯದ ಕುದುರೆಗಳನ್ನು ಬೆಳೆಸಿದ್ದನ್ನು ವಾಚಕರು ಬಲ್ಲರು. ಅಂಥ ತಳಿಯ ಕುದುರೆಗೆ ಬಾಲ್ಯದಿಂದ ಕಲಿಸಿದ್ದು ಒಂದೇ ವಿದ್ಯೆ: ಕತ್ತು ಚಾಚಿ ಮುಂದಕ್ಕೆ ಧಾವಿಸುವುದು. ಡ್ರೆಸ್ಸೇಜ್ ಆದರೋ ದೇಹದ ಭಾರವನ್ನು ಹಿಂಗಾಲುಗಳ ಮೇಲೆ ಹೊತ್ತು, ವೇಗವನ್ನು ಒಳಗೇ ಅಡಗಿಸಿಕೊಳ್ಳುವುದನ್ನು ಬೇಡುತ್ತದೆ. ಇದನ್ನು ಮರುಕಲಿಸಲು ವರ್ಷಗಳು ಹಿಡಿಯುತ್ತವೆ.

“ಕಷ್ಟ ಅದಲ್ಲ ಸಾರ್,” ಎಂದನು. “ಸಂಜೆ ನಾನು ಹತ್ತುವಷ್ಟರಲ್ಲಿ ನನ್ನ ಸೊಂಟ ಮರದ ಹಾಗೆ ಆಗಿರುತ್ತೆ. ಯಾರ ಮೇಲೋ ಬಂದ ಸಿಟ್ಟು ಭುಜದಲ್ಲಿ ಕೂತಿರುತ್ತೆ. ಕುದುರೆಗೆ ಅದೆಲ್ಲ ಬೆನ್ನಿನ ಮೇಲೇ ಗೊತ್ತಾಗುತ್ತೆ. ಹೆಜ್ಜೆ ಮೊಟಕಾಗುತ್ತೆ. ಅದರ ಮುಂದೆ ಸುಳ್ಳು ಹೇಳೋಕ್ಕಾಗಲ್ಲ.”

ನಾನು ಯೋಚಿಸಿದೆ. ಕುದುರೆಯ ಕೆಲಸವಿಲ್ಲದಿದ್ದರೆ ಜಟಕಾದವನ ಮೊಮ್ಮಗನಿಗೆ ಕುದುರೆ ದಕ್ಕುತ್ತಿರಲಿಲ್ಲ. ಕುದುರೆ ದಕ್ಕಿಸಿಕೊಟ್ಟ ಕೆಲಸವೇ ಕಲೆಗೆ ಬೇಕಾದ ಕಸುವನ್ನು ಹೀರುತ್ತಿದೆ. ನನ್ನ ಮಾತು ಬೇರೆಯೇ? ಕಾವ್ಯ ಕಲಿಸಿ ಹೊಟ್ಟೆ ಹೊರೆಯುವ ನನಗೆ ಉತ್ತರಪತ್ರಿಕೆಗಳ ಗುಡ್ಡದಡಿಯಿಂದ ಕಾವ್ಯ ಓದಲು ಬಿಡುವು ಸಿಕ್ಕಿ ಎಷ್ಟು ದಿನವಾಯಿತು! ಇರಲಿ, ನನ್ನ ಬೆನ್ನ ಮೇಲೆ ಕುದುರೆ ಕುಳಿತಿಲ್ಲ.

ಈ ಕ್ರೀಡೆಯ ಚರಿತ್ರೆಯೂ ಕೂಲಿಗೆ ಕುದುರೆ ಹತ್ತುವವನಿಗೆ ಬಹುಕಾಲ ಒಲಿದದ್ದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಡ್ರೆಸ್ಸೇಜ್ ಸೇನಾಧಿಕಾರಿಗಳಿಗೂ ಹವ್ಯಾಸಿ ಶ್ರೀಮಂತರಿಗೂ ಮೀಸಲಾಗಿದ್ದಿತು. ಸ್ವೀಡನ್ನಿನ ತಂಡದ ಪೆರ್ಸನ್ ಎಂಬವನು ಸಾರ್ಜೆಂಟ್ ಮಾತ್ರ. ಸ್ಪರ್ಧೆಗೆ ಕೆಲವು ವಾರಗಳಿರುವಾಗ ಅವನನ್ನು ಅಧಿಕಾರಿಯ ಪದವಿಗೆ ಏರಿಸಿದರು, ಸ್ವರ್ಣಪದಕ ಬಂದಿತು, ಹಬ್ಬ ಮುಗಿದೊಡನೆ ಮತ್ತೆ ಕೆಳಗಿಳಿಸಿದರು. ಸಂಗತಿ ಹೊರಬಿದ್ದು, 1949ರಲ್ಲಿ ತಂಡದ ಪದಕವನ್ನೇ ಕಿತ್ತುಕೊಂಡರು. ಅವನು ಸವಾರಿಯಲ್ಲಿ ಮಾಡಿದ ತಪ್ಪೇನೂ ಇರಲಿಲ್ಲ, ತಪ್ಪಿದ್ದದ್ದು ಭುಜದ ಪಟ್ಟಿಯಲ್ಲಿ! 1952ರಲ್ಲಿ ನಿಯಮ ಸಡಿಲವಾಯಿತು. ಅದೇ ಪೆರ್ಸನ್ ಆ ವರ್ಷವೂ 1956ರಲ್ಲಿಯೂ ತಂಡದೊಡನೆ ಸ್ವರ್ಣ ಗೆದ್ದನು. ಬಾಗಿಲು ತೆರೆದ ಆ 1952ರಲ್ಲಿಯೇ ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆ ಗಂಡಸರೊಡನೆ ಸೆಣಸಿ ರಜತಪದಕ ಪಡೆದಳು.

ನಮ್ಮ ದೇಶದಲ್ಲಿ ಈಗ ಅಡ್ಡಿಯಾಗಿರುವುದು ಭುಜದ ಪಟ್ಟಿಯಲ್ಲ, ಹಣದ ಥೈಲಿ. 2023ರ ಸೆಪ್ಟೆಂಬರ್ 26ರಂದು ಚೀನದ ಹಾಂಗ್‌ಝೌ ನಗರದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್ವಾಲಾ ಎಂಬ ನಾಲ್ವರು ತರುಣರು ಏಷ್ಯನ್ ಕ್ರೀಡಾಕೂಟದ ಡ್ರೆಸ್ಸೇಜ್ ತಂಡಸ್ವರ್ಣವನ್ನು ಭಾರತಕ್ಕೆ ತಂದಾಗ ನಾವೆಲ್ಲರೂ ಹಿಗ್ಗಿದೆವು. ಅವರ ಪರಿಶ್ರಮಕ್ಕೆ ತಲೆಬಾಗಲೇಬೇಕು. ಆದರೆ ಅವರು ಯುರೋಪಿನಲ್ಲಿ ವರ್ಷಗಟ್ಟಲೆ ನೆಲೆಸಿ ಕಲಿತವರು. ಬೆಂಗಳೂರಿನ ಫೌವಾದ್ ಮಿರ್ಜಾ ಅವರ ತಂದೆ ಕುದುರೆಗಳ ವೈದ್ಯರು; ಮನೆಯ ಗಾಳಿಯಲ್ಲಿಯೇ ಕುದುರೆಯಿತ್ತು. ಅವರ ಸ್ಪರ್ಧೆ ಮೂರು ಅಂಗಗಳ ಈವೆಂಟಿಂಗ್. ಅದರ ಮೊದಲ ಅಂಗವೇ ಡ್ರೆಸ್ಸೇಜ್. 2021ರಲ್ಲಿ ಟೋಕಿಯೋದಲ್ಲಿ ಆ ಅಂಗ ಮುಗಿದಾಗ 9ನೆಯ ಸ್ಥಾನದಲ್ಲಿದ್ದು, ಕಡೆಗೆ 23ನೆಯವರಾದರು. ಅವರಿಗೂ ಪೋಷಕ ಸಂಸ್ಥೆಯ ಆಸರೆ ಇದ್ದು, ಜರ್ಮನಿಯಲ್ಲಿ ದಿನವಿಡೀ ಸವಾರಿಯಲ್ಲಿ ತೊಡಗಲು ಸಾಧ್ಯವಾಗಿತ್ತು.

“ಅವರ ವಿಡಿಯೋ ನೂರು ಸಲ ನೋಡಿದ್ದೇನೆ ಸಾರ್” ಎಂದನೇ ಹೊರತು ಅವನ ಧ್ವನಿಯಲ್ಲಿ ಮತ್ಸರದ ಸುಳಿವಿರಲಿಲ್ಲ. ಕೊರಟಗೆರೆ ದಾಟಿದ ಮೇಲೆ ನಿಜವಾದ ಸಂಕಟ ಹೊರಬಂದಿತು. ಲಾಯದ ಮೇಲ್ವಿಚಾರಕನ ಹುದ್ದೆ ಕೊಡುತ್ತೇವೆಂದು ಹೇಳಿದ್ದಾರಂತೆ. ಸಂಬಳ ಹೆಚ್ಚುಕಡಿಮೆ ಎರಡರಷ್ಟು. ಆದರೆ ಮೂವತ್ತು ಕುದುರೆಗಳ ಹೊಣೆ ಹೊತ್ತವನಿಗೆ ತನ್ನ ಸವಾರಿಗೆ ಪುರಸತ್ತು ಎಲ್ಲಿಯದು? ಇತ್ತ ಮನೆಯಲ್ಲಿ ಎರಡು ವರ್ಷದ ಮಗಳು. ಮುಂದಿನ ವರ್ಷ ಶಾಲೆ. “ಒಪ್ಪಿಕೊಳ್ಳಲೇ, ಬಿಡಲೇ? ನೀವೇ ಹೇಳಿ ಸಾರ್.”

ಗುರುಗಳಿಂದ ಉಪದೇಶ ನಿರೀಕ್ಷಿಸುವುದು ನಮ್ಮ ಶಿಷ್ಯರ ದೊಡ್ಡ ಗುಣ. ಗುರುಗಳಿಗೆ ಅದರಿಂದ ಬಹಳ ತೊಂದರೆ. ತ್ಯಾಗ ಮಾಡು ಎನ್ನಲು ಮಗಳ ನೆನಪಾಯಿತು. ಕನಸು ಬಿಡು ಎನ್ನಲು ಅವನ ಅಂಗೈಗಳ ಕಡೆ ಕಣ್ಣು ಹೋಯಿತು. ಲಗಾಮಿನ ತೊಗಲು ಉಜ್ಜಿ ಉಂಗುರ ಬೆರಳಿನ ಸಂದಿಯಲ್ಲಿ ಜಡ್ಡು ಕಟ್ಟಿತ್ತು. ಕಡೆಗೆ ವ್ಯಾಪಾರಿಯಂತೆ ಮಾತನಾಡಿದೆ. “ಹುದ್ದೆ ಒಪ್ಪಿಕೋ. ಆದರೆ ಸಂಬಳದ ಚೌಕಾಸಿ ಬಿಟ್ಟು ಹೊತ್ತಿನ ಚೌಕಾಸಿ ಮಾಡು. ದಿನದ ಕಡೆಯ ಕುದುರೆ ನಿನ್ನದಾಗಿರುವುದೇ ತಪ್ಪು, ಮೊದಲನೆಯದು ನಿನ್ನದಾಗಲಿ. ಮೈ ದಣಿಯುವ ಮುಂಚೆ ಒಂದು ಗಂಟೆ, ಅದನ್ನು ಬರವಣಿಗೆಯಲ್ಲಿ ಕೇಳು. ಕೊಡದಿದ್ದರೆ ಆಗ ಯೋಚಿಸೋಣ.” ಮಧುಗಿರಿ ಬೆಟ್ಟದ ಬಂಡೆ ಕಾಣಿಸುವವರೆಗೆ ಅವನು ಮಾತನಾಡಲಿಲ್ಲ.

ಮೊನ್ನೆ ಭಾನುವಾರ ದೂರವಾಣಿ ಕರೆ ಬಂದಿತು. “ಒಪ್ಪಿದ್ದಾರೆ ಸಾರ್. ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಆರರಿಂದ ಏಳು. ಸಂಬಳ ಮಾತ್ರ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ.” ಹೆಂಡತಿಗೆ ತಿಳಿಸಿದೆಯೋ ಎಂದು ಕೇಳಿದೆ. ದಿನ ಎಷ್ಟೆಂದು ಹೇಳಿದ್ದೇನೆ, ಸಂಬಳ ಎಷ್ಟೆಂದು ಇನ್ನೂ ಹೇಳಿಲ್ಲ ಎಂದನು.

“ಹಾಗಾದರೆ ಆ ಹೊತ್ತಿನಲ್ಲಿ ಮಿಕ್ಕ ಕುದುರೆಗಳಿಗೆ ಹುಲ್ಲು ಹಾಕುವವರು ಯಾರಪ್ಪ?” ಎಂದೆ.

“ಅದೂ ನಾನೇ ಸಾರ್. ಮೂರೂವರೆಗೆ ಏಳುತ್ತೇನೆ.”